ಚಳಿಗಾಲದ ಕೆಸರಿಗೆ ಯಾವ ಟೈರು?

ಈ ಸಲ ಸೈಕಲ್ ಪುಟಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಸರಿನದ್ದೇ. ಬ್ರಿಟನ್ನಿನಲ್ಲಿರುವ ನಮ್ಮ ಓದುಗರು ನವೆಂಬರ್ ಬಂದ ಕೂಡಲೇ ಬರೆಯಲು ಶುರು ಮಾಡುತ್ತಾರೆ. ನಾನೂ ಅಲ್ಲಿ ಏಳು ಚಳಿಗಾಲ ಮೌಂಟನ್ ಬೈಕ್ ಓಡಿಸಿದವನು. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಟೈರಿಗೇ ಕೊಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಟೈರಿನ ಮೇಲಿನ ಹೆಸರಿಗಿಂತ ಅದರ ಕೆಳಗಿನ ಮಣ್ಣು ಮುಖ್ಯ. ಇನ್ನೊಂದು, ಟೈರಿನ ಮೇಲೆ ಎದ್ದು ನಿಂತಿರುವ ರಬ್ಬರ್ ತುಂಡುಗಳಿಗೆ ಅಂಗಡಿಯಲ್ಲಿ ನಾಬ್ ಅನ್ನುತ್ತಾರೆ. ನಾನು ಇಲ್ಲಿ ಹಲ್ಲು ಅಂತಲೇ ಬರೆಯುತ್ತೇನೆ.

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯವನು, ಮೂರು ವರ್ಷದಿಂದ ಶೆಫೀಲ್ಡ್‌ನಲ್ಲಿದ್ದೇನೆ. ಬೇಸಿಗೆಯಲ್ಲಿ 29 ಇಂಚಿನ ಮೌಂಟನ್ ಬೈಕ್ ತೊಗೊಂಡೆ. ಸೆಪ್ಟೆಂಬರ್‌ವರೆಗೂ ಭಾರಿ ಖುಷಿ ಇತ್ತು. ಈಗ ಗ್ರೀನೋ ವುಡ್ಸ್ ಕಾಡಿಗೆ ಹೋದರೆ ಮುಂದಿನ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಹೋದ ಭಾನುವಾರ ಎರಡು ಸಲ ಬಿದ್ದೆ. ಬೈಕಿನ ಜೊತೆ ಬಂದ 2.3 ಇಂಚಿನ ಟೈರೇ ಇದೆ, ಹಲ್ಲು ಗಿಡ್ಡ, ಒತ್ತೊತ್ತಾಗಿವೆ. ಜೊತೆಗೆ ಬರುವ ಗೆಳೆಯರಲ್ಲಿ ಒಬ್ಬ ಮಡ್ ಸ್ಪೈಕ್, ಅಂದರೆ ಉದ್ದ ಹಲ್ಲಿನ ಕೆಸರು ಟೈರು ಹಾಕು ಅಂತಾನೆ, ಇನ್ನೊಬ್ಬ ಅದು ಬೇರಿನ ಮೇಲೆ ಜಾರುತ್ತೆ, ಬೇಡವೇ ಬೇಡ ಅಂತಾನೆ. ಎರಡೂ ಟೈರು ಬದಲಿಸಿದರೆ 120 ಪೌಂಡ್ ಹತ್ತಿರ ಆಗುತ್ತೆ. ಏನು ಮಾಡಲಿ?

ಉತ್ತರ: ಎರಡೂ ಬೇಡ. ಮುಂದಿನದು ಒಂದನ್ನೇ ಬದಲಿಸಿ, ಆದರೆ ಅದಕ್ಕೆ ಒಳ್ಳೆಯದನ್ನೇ ತೊಗೊಳ್ಳಿ. ಹಿಂದಿನ ಚಕ್ರ ಜಾರಿದರೆ ಬೈಕು ಒಂದು ಸಲ ಬಾಲ ಬೀಸುತ್ತದೆ, ಮೈ ಸ್ವಲ್ಪ ಸರಿಸಿ ಸಂಭಾಳಿಸಬಹುದು. ಮುಂದಿನದು ಜಾರಿದರೆ ಸಂಭಾಳಿಸುವ ಹೊತ್ತೇ ಸಿಗುವುದಿಲ್ಲ, ಭುಜ ನೆಲಕ್ಕೆ ತಾಗಿರುತ್ತದೆ. ನೀವು ಎರಡು ಸಲ ಬಿದ್ದಿದ್ದೂ ಹಾಗೇ ಅಲ್ವಾ?

ಈಗ ಯಾವ ಟೈರು ಅನ್ನುವುದು. ಹುಬ್ಬಳ್ಳಿಯವರಿಗೆ ಎರೆಮಣ್ಣಿನ ರಾಡಿ ಗೊತ್ತೇ ಇರುತ್ತದೆ. ಮಳೆ ಬಿದ್ದ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲೇ ಎತ್ತಲಾಗುವುದಿಲ್ಲ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ನಿಮ್ಮ ಟೈರಿಗೂ ಅದೇ ಆಗಿದೆ. ಒತ್ತೊತ್ತಾದ ಗಿಡ್ಡ ಹಲ್ಲುಗಳ ಸಂದಿಯಲ್ಲಿ ಮಣ್ಣು ಕೂತುಬಿಟ್ಟಿದೆ, ಅಲ್ಲಿಂದ ಮುಂದೆ ಟೈರಿಗೆ ಹಲ್ಲೇ ಇಲ್ಲ, ಕೆಸರು ಸವರಿದ ನುಣ್ಣನೆಯ ಉರುಳೆ ಅಷ್ಟೇ. ಟ್ರ್ಯಾಕ್ಟರಿನ ಹಿಂದಿನ ಟೈರು ನೆನಪು ಮಾಡಿಕೊಳ್ಳಿ. ಅದರ ಹಲ್ಲು ಎಷ್ಟು ಎತ್ತರ, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ! ಎತ್ತರ ಇರುವುದು ಮೇಲಿನ ಮೆತ್ತನೆ ಪದರ ತೂರಿ ಕೆಳಗಿನ ಗಟ್ಟಿ ನೆಲ ಹಿಡಿಯಲಿಕ್ಕೆ, ಅಂತರ ಇರುವುದು ಚಕ್ರ ತಿರುಗುವಾಗ ಮಣ್ಣು ತಾನೇ ಉದುರಿಹೋಗಲಿಕ್ಕೆ. ಕೆಸರಿನ ಸೈಕಲ್ ಟೈರಿನ ಗುಟ್ಟೂ ಇದೇ.

ಹಾಗಾದರೆ ಅತೀ ಎತ್ತರದ ಹಲ್ಲಿರುವ ಮಡ್ ಸ್ಪೈಕೇ ಹಾಕಬಹುದಲ್ಲ ಅಂದರೆ, ನಿಮ್ಮ ಎರಡನೇ ಗೆಳೆಯ ಹೇಳಿದ್ದರಲ್ಲಿ ಸತ್ಯ ಇದೆ. ಶ್ವಾಲ್ಬೆಯ ಡರ್ಟಿ ಡ್ಯಾನ್, ಮ್ಯಾಕ್ಸಿಸ್‌ನ ವೆಟ್‌ಸ್ಕ್ರೀಮ್ ಇವೆಲ್ಲ ಪೂರ್ತಿ ಕೆಸರಿನ ಟೈರುಗಳು. ಮೆತ್ತನೆ ನೆಲದಲ್ಲಿ ಅವು ಉಗುರು ಊರಿದ ಹಾಗೆ ಹಿಡಿಯುತ್ತವೆ. ಆದರೆ ಹಲ್ಲು ಉದ್ದ, ತೆಳು. ಬಂಡೆಯ ಮೇಲೋ ಬೇರಿನ ಮೇಲೋ ಬಂದಾಗ ಊರಲು ಏನೂ ಸಿಗುವುದಿಲ್ಲ, ಹಲ್ಲು ಪಕ್ಕಕ್ಕೆ ಬಾಗುತ್ತದೆ, ಟೈರು ಸರಕ್ಕನೆ ಸರಿಯುತ್ತದೆ. ನನ್ನ ಮೊದಲ ಚಳಿಗಾಲದಲ್ಲಿ ಯಾರನ್ನೂ ಕೇಳದೆ ಎರಡೂ ಚಕ್ರಕ್ಕೆ ಇಂಥದ್ದನ್ನೇ ಹಾಕಿ ಪೀಕ್ ಡಿಸ್ಟ್ರಿಕ್ಟ್‌ನ ಕಲ್ಲು ಹಾಸಿದ ಇಳಿಜಾರಿಗೆ ಹೋಗಿದ್ದೆ. ತಿರುವಿನಲ್ಲಿ ಬಿದ್ದು ಮಣಿಕಟ್ಟು ಉಳುಕಿ ಆರು ವಾರ ಬೈಕು ಮುಟ್ಟಲಿಲ್ಲ. ರೇಸಿನವರು ಇಂಥ ಸ್ಪೈಕಿನ ತುದಿಗಳನ್ನು ಕಟರ್‌ನಿಂದ ಕತ್ತರಿಸಿ ಗಿಡ್ಡ ಮಾಡಿಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ. ಆ ಕತ್ತರಿಸಿದ ಆಕಾರವನ್ನೇ ಕಂಪನಿಗಳು ಈಗ ನೇರವಾಗಿ ಮಾಡಿ ಕೊಡುತ್ತವೆ. ಮ್ಯಾಕ್ಸಿಸ್‌ನ ಶಾರ್ಟಿ ಅಂಥದ್ದು. ಶ್ವಾಲ್ಬೆಯ ಮ್ಯಾಜಿಕ್ ಮೇರಿ, ಕಾಂಟಿನೆಂಟಲ್ 2022ರಲ್ಲಿ ತಂದ ಆರ್ಗೋಟಲ್ ಕೂಡ ಈ ಮಧ್ಯದ ಜಾಗದವೇ: ಕೆಸರಿಗೆ ಸಾಕಷ್ಟು ಎತ್ತರ, ಅಂತರ, ಆದರೆ ಬುಡ ದಪ್ಪ ಇರುವುದರಿಂದ ಕಲ್ಲಿನ ಮೇಲೂ ನಿಲ್ಲುತ್ತವೆ. ಶೆಫೀಲ್ಡ್ ಸುತ್ತ ಒಂದೇ ಸವಾರಿಯಲ್ಲಿ ಕಾಡಿನ ಕೆಸರು, ಬೇರು, ಗ್ರಿಟ್‌ಸ್ಟೋನ್ ಬಂಡೆ ಮೂರೂ ಬರುತ್ತವೆ. ಈ ಮೂರು ಟೈರಿನಲ್ಲಿ ಯಾವುದು ಅಗ್ಗಕ್ಕೆ ಸಿಗುತ್ತದೋ ಅದನ್ನು ಮುಂದೆ ಹಾಕಿ, ಕಣ್ಣು ಮುಚ್ಚಿ ಹಾಕಿ.

ತೊಗೊಳ್ಳುವಾಗ ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇರುವುದನ್ನು ಬಿಡಬೇಡಿ. ಒಂದೇ ಟೈರು ಎರಡು ಮೂರು ಬಗೆಯ ರಬ್ಬರ್‌ನಲ್ಲಿ ಬರುತ್ತದೆ. ಒದ್ದೆ ಬೇರಿನ ಮೇಲೆ ಹಲ್ಲಿನ ಆಕಾರಕ್ಕಿಂತ ಹೆಚ್ಚು ಕೆಲಸ ಮಾಡುವುದು ಮೆತ್ತನೆ ರಬ್ಬರ್. ಅದೂ ಚಳಿಯಲ್ಲಿ ರಬ್ಬರ್ ಇನ್ನಷ್ಟು ಗಟ್ಟಿಯಾಗುತ್ತದೆ, ಆಗಸ್ಟಿನಲ್ಲಿ ಹಿಡಿದ ಟೈರೇ ಜನವರಿಯಲ್ಲಿ ಪ್ಲಾಸ್ಟಿಕ್ಕಿನ ಹಾಗೆ ಜಾರುತ್ತದೆ. ಆದ್ದರಿಂದ ಮುಂದಕ್ಕೆ ಅತಿ ಮೆತ್ತನೆಯದು: ಮ್ಯಾಕ್ಸಿಸ್ ಆದರೆ ಮ್ಯಾಕ್ಸ್‌ಗ್ರಿಪ್, ಶ್ವಾಲ್ಬೆ ಆದರೆ ಆಡಿಕ್ಸ್ ಅಲ್ಟ್ರಾ ಸಾಫ್ಟ್, ಕಾಂಟಿನೆಂಟಲ್ ಆದರೆ ಸೂಪರ್‌ಸಾಫ್ಟ್. ತುಳಿಯಲು ಸ್ವಲ್ಪ ಭಾರ ಅನಿಸುತ್ತದೆ, ಬೇಗ ಸವೆಯುತ್ತದೆ, ನಿಜ. ಆದರೆ ಅದನ್ನು ಅಕ್ಟೋಬರ್‌ನಲ್ಲಿ ಹಾಕಿ ಏಪ್ರಿಲ್‌ನಲ್ಲಿ ತೆಗೆದಿಟ್ಟರೆ ಎರಡು ಮೂರು ಚಳಿಗಾಲಕ್ಕೆ ಬರುತ್ತದೆ. ಹಿಂದಕ್ಕೆ ಸದ್ಯ ನಿಮ್ಮ ಹಳೆಯದೇ ಇರಲಿ. ಕಾಡಿಗೆ ಟಾರು ರಸ್ತೆಯಲ್ಲೇ ತುಳಿದುಕೊಂಡು ಹೋಗುವವರಾದರೆ ಹಿಂದಿನ ಟೈರಿಗೆ ಮೆತ್ತನೆ ರಬ್ಬರ್ ಹಾಕುವುದು ಸುಮ್ನೆ ದುಡ್ಡು ಸವೆಸಿದ ಹಾಗೆ. ಮುಂದೆ ಯಾವತ್ತಾದರೂ ಹಿಂದಿನದು ಬದಲಿಸುವುದಾದರೆ ಮಧ್ಯದಲ್ಲಿ ಅಡ್ಡಡ್ಡ ಹಲ್ಲಿರುವುದನ್ನು ನೋಡಿ. ಏರು ಹತ್ತಲು, ಬ್ರೇಕ್ ಹಿಡಿಯಲು ಅದೇ ಬೇಕು.

ನನಗೆ ಬಹಳ ದಿನ ಅರ್ಥವಾಗದೇ ಇದ್ದದ್ದು ಒಂದಿದೆ. ಹುಬ್ಬಳ್ಳಿಗೂ ಶೆಫೀಲ್ಡ್‌ಗೂ ವರ್ಷಕ್ಕೆ ಬೀಳುವ ಮಳೆ ಹೆಚ್ಚು ಕಡಿಮೆ ಒಂದೇ, 800 ಮಿಲಿಮೀಟರ್ ಆಸುಪಾಸು. ಆದರೆ ಅಲ್ಲಿ ಇಷ್ಟು ಕೆಸರು ಯಾಕೆ? ಒಣಗುವುದಿಲ್ಲ, ಅದಕ್ಕೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಇದ್ದಾಗಲೂ ಮೇಲೇರುವುದಿಲ್ಲ. ನವೆಂಬರ್‌ನಲ್ಲಿ ನೆಂದ ಕಾಡಿನ ನೆಲ ಮಾರ್ಚ್‌ವರೆಗೂ ಹಾಗೇ ಇರುತ್ತದೆ. ನಾಳೆ ಬಿಸಿಲು ಬರುತ್ತೆ, ಒಣಗಿದ ಮೇಲೆ ಹೋಗೋಣ ಅಂತ ಕಾಯುವ ನಮ್ಮೂರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಟೈರಿಗೆ ಹಾಕಿದ 60 ಪೌಂಡ್ ಐದು ತಿಂಗಳು ಕೆಲಸಕ್ಕೆ ಬರುತ್ತದೆ ಅಂತಲೇ ಲೆಕ್ಕ ಹಾಕಿ.

ಪ್ರಶ್ನೆ: ಬ್ರೈಟನ್‌ನಿಂದ ಬರೆಯುತ್ತಿದ್ದೇನೆ, ನಾನು ಮತ್ತು ನನ್ನ ಯಜಮಾನರು ಇಬ್ಬರೂ ಸೌತ್ ಡೌನ್ಸ್ ಗುಡ್ಡಗಳಲ್ಲಿ ಓಡಿಸುತ್ತೇವೆ. ನಮ್ಮದು ಎರಡು ತೊಂದರೆ. ಮೇಲೆ ಬಿಳಿ ಸುಣ್ಣಕಲ್ಲಿನ ದಾರಿ ಒದ್ದೆಯಾದರೆ ಸೋಪು ಸವರಿದ ಹಾಗೆ. ಕೆಳಗಿಳಿದರೆ ಜೇಡಿಮಣ್ಣು, ಹಿಂದಿನ ಚಕ್ರ ಫ್ರೇಮಿಗೆ ಮೆತ್ತಿಕೊಂಡು ತಿರುಗುವುದೇ ಇಲ್ಲ. ಅವರು ಇನ್ನೂ ಅಗಲದ 2.6 ಟೈರು ಹಾಕೋಣ ಅಂತಿದ್ದಾರೆ. ಸರಿ ಹೋಗುತ್ತದೆಯೇ?

ಉತ್ತರ: ಮೇಡಂ, ಈ ಸಲ ನಿಮ್ಮ ಯಜಮಾನರ ಮಾತು ಕೇಳಬೇಡಿ. ಹಿಂದೆ ಅಗಲದ ಟೈರು ಹಾಕಿದಷ್ಟೂ ಫ್ರೇಮಿನಲ್ಲಿ ಜಾಗ ಕಡಿಮೆ, ಜಾಗ ಕಡಿಮೆಯಾದಷ್ಟೂ ಜೇಡಿ ಬೇಗ ಸಿಕ್ಕಿಕೊಳ್ಳುತ್ತದೆ. ಬೈಕು ತಿರುಗಿಸಿ ನಿಲ್ಲಿಸಿ, ಟೈರಿನ ಹಲ್ಲಿಗೂ ಹಿಂದಿನ ಫ್ರೇಮ್ ಕೊಳವೆಗೂ ನಡುವೆ ಕಿರುಬೆರಳು ಸಲೀಸಾಗಿ ತೂರಬೇಕು, ಎರಡೂ ಪಕ್ಕ. ತೂರದಿದ್ದರೆ 2.25ಕ್ಕೆ ಇಳಿಯಿರಿ. ಹಿಂದಿನ ಕಾಲದವರು ಕೆಸರಿಗೆ 1.8 ಇಂಚಿನ ಸಣಕಲು ಟೈರು ಹಾಕುತ್ತಿದ್ದರು, ಮೇಲಿನ ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟಲಿ ಅಂತ. ಜೇಡಿಮಣ್ಣಿನ ಕೆಳಗೆ ಗಟ್ಟಿ ನೆಲ ಇರುವ ಕಡೆ ಆ ಲೆಕ್ಕ ಇವತ್ತಿಗೂ ಸರಿಯೇ. ಪೀಕ್ ಡಿಸ್ಟ್ರಿಕ್ಟ್‌ನ ಕಟ್ ಗೇಟ್ ದಾರಿಯಂಥ ಪೀಟ್ (ಕೊಳೆತ ಗಿಡಗಂಟಿಯ ಮೆತ್ತನೆ ಮಣ್ಣು) ಜವುಗಿನಲ್ಲಿ ಮಾತ್ರ ಬೇರೆ. ಅಲ್ಲಿ ಕೆಳಗೆ ಮುಟ್ಟಲು ನೆಲವೇ ಸಿಗುವುದಿಲ್ಲ, ಸಣ್ಣ ಟೈರು ಹೂತುಹೋಗುತ್ತದೆ, ಅಗಲದ್ದೇ ಮೇಲು.

ಸುಣ್ಣಕಲ್ಲಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಒದ್ದೆಯಾದ ಸುಣ್ಣಕಲ್ಲನ್ನು ಪೂರ್ತಿ ಹಿಡಿಯುವ ಟೈರು ಇಲ್ಲ. ಮೆತ್ತನೆ ರಬ್ಬರ್, ಸ್ವಲ್ಪ ಕಡಿಮೆ ಗಾಳಿ, ಇವು ಅರ್ಧ ದಾರಿ ತಲುಪಿಸುತ್ತವೆ. ಉಳಿದದ್ದು ನಿಮ್ಮ ಕೈಯಲ್ಲಿ. ಬಿಳಿ ಕಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಪಕ್ಕದಲ್ಲಿ ಹುಲ್ಲಿದ್ದರೆ ಅಲ್ಲೇ ವೇಗ ಇಳಿಸಿಕೊಂಡು ಬಂದು ನೇರ ದಾಟಿಬಿಡಿ. ಸುಣ್ಣಕಲ್ಲಿನ ಜೊತೆಗೇ ಅಲ್ಲಿ ಫ್ಲಿಂಟ್ ಅನ್ನುವ ಗಟ್ಟಿ ಕಲ್ಲಿನ ಚೂರು ಇರುತ್ತದೆ, ಬ್ಲೇಡಿನ ಹಾಗೆ ಚೂಪು, ಮಳೆಗಾಲದಲ್ಲಿ ತೊಳೆದು ಮೇಲೆ ಬಂದಿರುತ್ತದೆ. ಟೈರಿನ ಪಕ್ಕೆ ಸೀಳುವುದು ಅದೇ. ಹಾಗಾಗಿ ಹಗುರದ ಪಕ್ಕೆ ಬೇಡ, ಒಂದು ಮಟ್ಟ ದಪ್ಪದ್ದು ತೊಗೊಳ್ಳಿ. ಟ್ಯೂಬ್‌ಲೆಸ್ ಆದರೆ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಯಾವಾಗ ಹಾಕಿದ್ದು ಅಂತ ನೆನಪು ಮಾಡಿಕೊಳ್ಳಿ. ಮೂರು ನಾಲ್ಕು ತಿಂಗಳಿಗೆ ಅದು ಒಣಗಿ ಕೆನೆಗಟ್ಟಿರುತ್ತದೆ. ಸವಾರಿಗೆ ಮುಂಚೆ ಚಕ್ರ ಕಿವಿ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ನೀರಿನ ಸದ್ದು ಬರಬೇಕು.

ಪ್ರಶ್ನೆ: ಸ್ಕಾಟ್ಲೆಂಡಿನ ಪೀಬಲ್ಸ್ ಹತ್ತಿರ ಇದ್ದೇನೆ, ಗ್ಲೆಂಟ್ರೆಸ್ ಕಾಡು ನಮಗೆ ಹತ್ತು ನಿಮಿಷ. ಮನೆಯೊಳಗೆ ಸರಿಯಾಗಿ 25 ಪಿಎಸ್‌ಐ ಗಾಳಿ ಹಾಕಿಕೊಂಡು ಹೋಗುತ್ತೇನೆ. ಕಾಡಿಗೆ ಹೋದ ಮೇಲೆ ಹಿಂದಿನ ಟೈರು ಮೆತ್ತಗೆ, ರಿಮ್ ಕಲ್ಲಿಗೆ ಬಡಿಯುತ್ತದೆ. ಮನೆಗೆ ಬಂದು ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ 25! ಪಂಕ್ಚರ್ ಅಲ್ಲ, ಪಂಪ್ ಕೆಟ್ಟಿದೆಯೇ?

ಉತ್ತರ: ಪಂಪ್ ಸರಿಯಾಗಿದೆ. ನಿಮ್ಮ ಮನೆಯೊಳಗೆ 20 ಡಿಗ್ರಿ, ಹೊರಗೆ ಸೊನ್ನೆ. ತಣ್ಣಗಾದ ಗಾಳಿ ಕುಗ್ಗುತ್ತದೆ. ಗೇಜ್ ತೋರಿಸುವ 25, ಹೊರಗಿನ ವಾತಾವರಣದ ಒತ್ತಡದ ಮೇಲಿನ ಲೆಕ್ಕ. ಅದೂ ಸೇರಿದರೆ ಒಟ್ಟು 40ರ ಹತ್ತಿರ. 20 ಡಿಗ್ರಿ ಇಳಿದರೆ ಒಟ್ಟು ಒತ್ತಡದಲ್ಲಿ ನೂರಕ್ಕೆ ಏಳರಷ್ಟು ಹೋಗುತ್ತದೆ, ಅಂದರೆ ಎರಡೂವರೆ ಪಿಎಸ್‌ಐಗೂ ಸ್ವಲ್ಪ ಮೇಲೆ. ನಿಮ್ಮ 25 ಕಾಡಿನಲ್ಲಿ 22 ಚಿಲ್ಲರೆ ಆಗಿರುತ್ತದೆ. ಬೈಕು ಹೊರಗೆ ಅರ್ಧ ಗಂಟೆ ನಿಲ್ಲಿಸಿ ಆಮೇಲೆ ಗಾಳಿ ಹಾಕಿ, ಅಥವಾ ಒಳಗೇ ಹಾಕುವುದಾದರೆ ಎರಡೂವರೆ ಜಾಸ್ತಿ ಹಾಕಿ.

ಗಾಳಿ ಎಷ್ಟಿರಬೇಕು ಅಂತ ಬೇರೆ ಪತ್ರಗಳಲ್ಲೂ ಕೇಳಿದ್ದಾರೆ. 75 ಕಿಲೋ ತೂಕದ ಸವಾರ, 29 ಇಂಚು, 2.4 ಅಗಲ, ಟ್ಯೂಬ್‌ಲೆಸ್ ಆದರೆ ಮುಂದೆ 20ರಿಂದ 22, ಹಿಂದೆ 23ರಿಂದ 25ರಲ್ಲಿ ಶುರು ಮಾಡಿ. ಒಂದೊಂದೇ ಪಿಎಸ್‌ಐ ಇಳಿಸುತ್ತಾ ಹೋಗಿ, ತಿರುವಿನಲ್ಲಿ ಟೈರು ರಿಮ್ಮಿನಿಂದ ಹೊರಳಿದ ಹಾಗೆ ಅನಿಸಿದರೆ ಅಲ್ಲಿಂದ ಒಂದು ಏರಿಸಿ. ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಮತ್ತೆ, ಯಾವಾಗಲೂ ಒಂದೇ ಗೇಜ್ ಬಳಸಿ. ಎರಡು ಗೇಜ್ ಒಂದೇ ಮಾತು ಹೇಳುವುದು ಅಪರೂಪ.

ಇನ್ನೊಂದು ಮಾತು. ಗ್ಲೆಂಟ್ರೆಸ್‌ನ ಮುಖ್ಯ ದಾರಿಗಳಿಗೆಲ್ಲ ಕಲ್ಲುಪುಡಿ ಹಾಕಿ ಗಟ್ಟಿ ಮಾಡಿದ್ದಾರೆ. ಅಷ್ಟೇ ಓಡಿಸುವವರಿಗೆ ಕೆಸರಿನ ಟೈರೇ ಬೇಡ, ಬೇಸಿಗೆಯ ಟೈರು ಮೆತ್ತನೆ ರಬ್ಬರ್‌ನಲ್ಲಿದ್ದರೆ ಸಾಕು. ಪಕ್ಕದ ಇನ್ನರ್‌ಲೀದನ್‌ನ ಕಡಿದಾದ ಕಾಡಿಗೆ, ಆ ಬೇರುಗಳಿಗೆ ಹೋಗುವುದಾದರೆ ಮೇಲೆ ಶೆಫೀಲ್ಡ್ ಓದುಗರಿಗೆ ಹೇಳಿದ್ದೇ ನಿಮಗೂ.

ಪ್ರಶ್ನೆ: ಮಗಳಿಗೆ 12 ವರ್ಷ, 36 ಕಿಲೋ ಇದ್ದಾಳೆ, 26 ಇಂಚಿನ ಬೈಕು, ಟ್ಯೂಬ್ ಇದೆ. ಅವಳಿಗೂ ಕೆಸರಿನ ಟೈರು ತೊಗೊಳ್ಳಲೇಬೇಕೇ?

ಉತ್ತರ: ಈಗಲೇ ಬೇಡ. ಮೊದಲು ಗಾಳಿ ನೋಡಿ. ಮಕ್ಕಳ ಬೈಕಿಗೆ ದೊಡ್ಡವರ ಲೆಕ್ಕದಲ್ಲಿ 35, 40 ಹಾಕಿರುತ್ತಾರೆ, ಆ ಟೈರು ಕಲ್ಲಿನ ಹಾಗೆ ಪುಟಿಯುತ್ತದೆ. ಅವಳ ತೂಕಕ್ಕೆ ಟ್ಯೂಬ್ ಇದ್ದರೂ 20ರ ಆಸುಪಾಸು ಸಾಕು. ಅಷ್ಟಕ್ಕೇ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಅವಳೇ ಹೇಳುತ್ತಾಳೆ. ದಪ್ಪ ಪಕ್ಕೆಯ ಭಾರದ ಟೈರು ಮಕ್ಕಳಿಗೆ ಹಾಕಬೇಡಿ, ಏರಿನಲ್ಲಿ ಸುಸ್ತಾಗಿ ಬೈಕೇ ಬೇಡ ಅಂದುಬಿಟ್ಟಾಳು. ಮುಂದೆ ಒಂದು ಸಣ್ಣ ಮಡ್‌ಗಾರ್ಡ್ ಕಟ್ಟಿ, ಕಣ್ಣಿಗೆ ಕೆಸರು ಹಾರದಿದ್ದರೆ ಮಕ್ಕಳು ಹೆಚ್ಚು ಧೈರ್ಯದಿಂದ ಓಡಿಸುತ್ತಾರೆ.

ಪ್ರಶ್ನೆ: ಲೀಡ್ಸ್ ಹತ್ತಿರ ಒಂದು ಕೆಸರಿನ ದಾರಿಯಲ್ಲಿ ನಡೆಯುತ್ತಿದ್ದ ಹಿರಿಯರೊಬ್ಬರು ನಿಲ್ಲಿಸಿ, ನಿಮ್ಮ ಟೈರಿನಿಂದ ದಾರಿ ಹಾಳಾಗುತ್ತಿದೆ ಅಂತ ಬೈದರು. ನಾನು ತಪ್ಪು ಮಾಡಿದೆನೇ?

ಉತ್ತರ: ಅದು ಯಾವ ದಾರಿ ಅನ್ನುವುದರ ಮೇಲೆ ಹೋಗುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಬ್ರೈಡಲ್‌ವೇ, ಅಂದರೆ ಕುದುರೆ ದಾರಿಯಲ್ಲಿ ಸೈಕಲ್ ಓಡಿಸಲು 1968ರ ಕಾಯ್ದೆಯಿಂದ ಹಕ್ಕಿದೆ, ನಡೆಯುವವರಿಗೂ ಕುದುರೆಗೂ ದಾರಿ ಬಿಟ್ಟುಕೊಡಬೇಕು ಅಷ್ಟೇ. ಫುಟ್‌ಪಾತ್ ಅಂತ ಬೋರ್ಡ್ ಇದ್ದರೆ ಆ ಹಕ್ಕಿಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಂದ ಮೇಲೆ ಹೆಚ್ಚಿನ ಎಲ್ಲ ಕಡೆ ಜವಾಬ್ದಾರಿಯಿಂದ ಓಡಿಸಬಹುದು. ಆದರೂ ಆ ಹಿರಿಯರ ಸಿಟ್ಟು ನನಗೆ ಅರ್ಥವಾಗುತ್ತದೆ. ನೆಂದು ಮುದ್ದೆಯಾದ ನೆಲದ ಮೇಲೆ ಎತ್ತರದ ಹಲ್ಲಿನ ಟೈರು ಗೆರೆ ಕೊರೆಯುತ್ತದೆ, ಆ ಗೆರೆಯಲ್ಲಿ ನೀರು ಹರಿದು ಕಾಲುವೆ ಆಗುತ್ತದೆ. ಹೊಂಡ ಬಂದಾಗ ಪಕ್ಕದ ಹುಲ್ಲಿನ ಮೇಲೆ ಹೋಗಬೇಡಿ, ನಡುವೆಯೇ ಹೋಗಿ, ಒದ್ದೆಯಾದರೂ ಪರವಾಗಿಲ್ಲ. ಎಲ್ಲರೂ ಪಕ್ಕಕ್ಕೆ ಸರಿದೂ ಸರಿದೂ ಒಂದು ಮೀಟರ್ ದಾರಿ ಐದು ಮೀಟರ್ ಕೆಸರುಗದ್ದೆ ಆಗಿರುವುದನ್ನು ನಾನೇ ನೋಡಿದ್ದೇನೆ. ನಾಲ್ಕು ದಿನ ಬಿಡದೆ ಸುರಿದ ಮೇಲೆ ಕಲ್ಲು ಹಾಸಿದ ದಾರಿಗೇ ಹೋಗಿ. ನೆಲ ಹೆಪ್ಪುಗಟ್ಟಿದ ಬೆಳಿಗ್ಗೆ ಸಿಕ್ಕರೆ ಬಿಡಬೇಡಿ, ಜೇಡಿಮಣ್ಣೂ ಕಾಂಕ್ರೀಟಿನ ಹಾಗೆ ಗಟ್ಟಿ ಇರುತ್ತದೆ.

ಪ್ರಶ್ನೆ: ನಿಮ್ಮ ಪುಟದಲ್ಲಿ ಬರೀ ಇಂಗ್ಲೆಂಡ್ ಆಯ್ತು. ನಾವು ಮೂಡಿಗೆರೆಯವರು. ಜೂನ್‌ನಿಂದ ಸೆಪ್ಟೆಂಬರ್ ತೋಟದ ದಾರಿಯಲ್ಲಿ ಓಡಿಸುತ್ತೇವೆ. ನನ್ನದು 27.5 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕು), ಕಂಪನಿ ಟೈರು 2.1. ನಮ್ಮ ಮಳೆಗೆ ಏನು ಹೇಳುತ್ತೀರಿ?

ಉತ್ತರ: ನಿಮ್ಮ ಮಳೆ ಮುಂದೆ ಶೆಫೀಲ್ಡ್ ಮಳೆ ತುಂತುರು. ನಿಮ್ಮ ಮಲೆನಾಡಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಆದರೆ ನಿಮಗೆ ಒಂದು ಅನುಕೂಲ ಇದೆ: ಚಳಿ ಅಷ್ಟಿಲ್ಲ. ರಬ್ಬರ್ ಗಟ್ಟಿಯಾಗುವುದಿಲ್ಲ, ಹಾಗಾಗಿ ಅತಿ ಮೆತ್ತನೆಯದಕ್ಕೆ ದುಡ್ಡು ಹಾಕಬೇಕಿಲ್ಲ, ಮಧ್ಯಮದ್ದು ಸಾಕು. ನಿಮ್ಮ ಕಡೆಯ ಕೆಂಪು ಮಣ್ಣು ಎರೆಮಣ್ಣಿನಷ್ಟು ಮೆತ್ತಿಕೊಳ್ಳುವುದಿಲ್ಲ, ಜಂಬಿಟ್ಟಿಗೆಯ ಹರಳು ಸೇರಿರುವ ಕಡೆ ನೀರು ಬೇಗ ಬಸಿದು ಹೋಗುತ್ತದೆ. ನಿಜವಾದ ಅಪಾಯ ಪಾಚಿ. ಮರದ ನೆರಳಿನ ಕಾಂಕ್ರೀಟ್ ರಸ್ತೆ, ಹಳ್ಳ ದಾಟುವ ಚಪ್ಪಡಿ, ಹಸಿರುಗಟ್ಟಿದ ಬಂಡೆ, ಇವುಗಳ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಇಳಿದು ತಳ್ಳಿ. ಚಪ್ಪಡಿ ಮೇಲೆ ಮೊಣಕೈ ಮುರಿದುಕೊಂಡವರನ್ನು ನಾನು ಬಲ್ಲೆ.

ಟೈರಿನ ಲೆಕ್ಕ ನಿಮಗೂ ಅದೇ: ಮುಂದೆ ಅಂತರವಿರುವ, ಎತ್ತರದ ಹಲ್ಲಿನದ್ದು 2.3 ಅಥವಾ 2.35, ಹಿಂದೆ 2.25. ಕೊಳ್ಳುವಾಗ ಟೈರಿನ ಪಕ್ಕೆಯ ಮೇಲೆ 584 ಅನ್ನುವ ಅಂಕಿ ನೋಡಿ, 27.5ರ ರಿಮ್ ಅಳತೆ ಅದು. 622 ಇದ್ದರೆ ಅದು 29ರದ್ದು, 559 ಇದ್ದರೆ 26ರದ್ದು, ಕೂರುವುದಿಲ್ಲ. ಹಾಕುವಾಗ ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿರಲಿ. ಕೆಲವು ಹಾರ್ಡ್‌ಟೇಲ್‌ಗಳ ಹಿಂದಿನ ಫ್ರೇಮ್ ಬಹಳ ಇಕ್ಕಟ್ಟು. ಈಗಿನ 2.1 ಟೈರು ಕೂತಿರುವಾಗ ಎರಡೂ ಪಕ್ಕ ಎಷ್ಟು ಮಿಲಿಮೀಟರ್ ಉಳಿಯುತ್ತದೆ ಅಂತ ಅಳೆದು ಬರೆಯಿರಿ. 2.25 ಹಾಕಿದ ಮೇಲೆ ಕೆಸರಿಗೆ ಜಾಗ ಉಳಿಯುತ್ತದೋ ಇಲ್ಲವೋ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.